ಮೂರು ಮರ, ಒಂದು ಬೊಟ್ಟು

ನನ್ನ ಮೊದಲ ಯುಕುಲೆಲೆ ಬಿಸಿಲಿಗೆ ಹಪ್ಪಳವಾಯಿತು.

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಅದನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಒರಗಿಸಿ, ಎರಡೇ ನಿಮಿಷ ಎಂದುಕೊಂಡು ಗೆಳೆಯನ ಜೊತೆ ಕಾಫಿಗೆ ಹೋದೆ. ನನ್ನ ಎರಡು ನಿಮಿಷದ ಅಳತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಹಾಗೆ ಹೇಳಿ ಹೊರಟರೆ ಅಮ್ಮ ಕಡಲೆಕಾಳು ನೆನೆಹಾಕುತ್ತಾಳೆ. ವಾಪಸ್ ಬಂದು ನೋಡಿದರೆ ಯುಕುಲೆಲೆಯ ಮುಂದಿನ ಹಲಗೆ ಒಂದು ಕಡೆ ಎದ್ದು, ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗೆ ಬಾಯಿ ತೆರೆದುಕೊಂಡಿತ್ತು. ಒಳಗಿನ ಅಂಟು ಕರಗಿ ಜೊಲ್ಲಿನಂತೆ ಇಳಿಯುತ್ತಿತ್ತು.

ಯುಕುಲೆಲೆ ನೋಡದವರಿಗೆ ಹೇಳಬೇಕೆಂದರೆ, ಗಿಟಾರು ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಹೇಗಿದ್ದಿರಬಹುದೋ ಹಾಗಿರುತ್ತದೆ. ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ನನ್ನ ಬೆರಳುಗಳು ಒಂದರ ಮಾತು ಇನ್ನೊಂದು ಕೇಳುವವಲ್ಲ. ತಂತಿ ಎರಡು ಕಡಿಮೆಯಾದರೆ ಜಗಳವೂ ಅಷ್ಟು ಕಡಿಮೆ ಎಂದು ಇದನ್ನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದೆ. ಡಬ್ಬದ ಮೇಲೆ 'ಮಹಾಗನಿ' ಎಂದು ಬರೆದಿತ್ತು. ನಾನು ಬರೆದದ್ದನ್ನೆಲ್ಲ ನಂಬುವವನು. ಕೆಲಸವೂ ಅಂಥದ್ದೇ: ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯಲ್ಲಿ ಡಿಸೈನು ಮಾಡುತ್ತೇನೆ. ಒಮ್ಮೆ ವರನ ಹೆಸರಿನ ಜಾಗದಲ್ಲಿ ವರನ ತಂದೆಯ ಹೆಸರು ಕೂರಿಸಿದ್ದೆ, ನಾನೂರು ಕಾರ್ಡು ಅಚ್ಚಾಗುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ವರನ ತಾಯಿ ಮಾತ್ರ ಅಂಗಡಿಗೆ ಬಂದು ನನ್ನನ್ನು ನೋಡಿದ ನೋಟ ಈಗಲೂ ಕನಸಿನಲ್ಲಿ ಬರುತ್ತದೆ. ಹೆಸರು ಅದಲುಬದಲು ಮಾಡುವ ನನ್ನ ಈ ಪ್ರತಿಭೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಯಿ ಬಿಟ್ಟ ವಾದ್ಯವನ್ನು ಎತ್ತಿಕೊಂಡು ಲಕ್ಷ್ಮೀಪುರಂನ ದೊಡ್ಡಪ್ಪನ ಮನೆಗೆ ಹೋದೆ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ವೀಣೆ ಮಾಡುವವರು. ಮನೆಯ ಹಿಂದೆ ಶೀಟು ಹೊದಿಸಿದ ಒಂದು ಕೋಣೆಯಿದೆ. ಅಲ್ಲಿ ಇಬ್ಬರು ಒಟ್ಟಿಗೆ ತಿರುಗಲು ಜಾಗವಿಲ್ಲ, ಆದರೂ ಎಲ್ಲರೂ ಅದನ್ನು ಕಾರ್ಖಾನೆ ಎನ್ನುತ್ತಾರೆ. ದೊಡ್ಡಪ್ಪನ ಬಲಗಿವಿಯ ಮೇಲೆ ಯಾವಾಗಲೂ ಒಂದು ಮೋಟು ಪೆನ್ಸಿಲ್ ಇರುತ್ತದೆ. ಸ್ನಾನಕ್ಕೆ ಹೋಗುವಾಗ ತೆಗೆಯುತ್ತಾರೋ ಇಲ್ಲವೋ ಎಂದು ನನಗೆ ಚಿಕ್ಕಂದಿನಿಂದಲೂ ಅನುಮಾನ.

"ಏನೋ ಇದು?" ಎಂದರು.

"ಯುಕುಲೆಲೆ, ದೊಡ್ಡಪ್ಪ."

"ಯಾವ ಎಲೆ?"

ನಾನು ಇನ್ನೊಮ್ಮೆ ಹೇಳುವುದರೊಳಗೆ ಅಡುಗೆಮನೆಯಿಂದ ದೊಡ್ಡಮ್ಮನ ದನಿ ಬಂತು. "ಎಲೆ ತಂದ್ಯಾ ಕಂದ? ಒದ್ದೆ ಬಟ್ಟೇಲಿ ಸುತ್ತಿಡಪ್ಪ, ಬಾಡ್ಹೋಗ್ಬುಡುತ್ತೆ. ಅಡಕೆ ಮನೇಲದೆ."

ಅಂದಿನಿಂದ ಆ ಮನೆಯಲ್ಲಿ ಅದರ ಹೆಸರು 'ಎಲೆ'. ನನ್ನ ಬೆರಳಿಗೆ ಸಂಗೀತ ಹತ್ತಲಿಲ್ಲ, ಆದರೆ ಮೈಸೂರಿನ ಬೀದಿಯಲ್ಲಿ 'ನಮ್ಮ ಹುಡುಗ ಎಲೆ ಬಾರಿಸ್ತಾನೆ' ಎನ್ನಿಸಿಕೊಂಡ ಮೊದಲಿಗ ನಾನೇ ಇರಬೇಕು.

ದೊಡ್ಡಪ್ಪ ಬೆರಳಿಗೆ ಎಂಜಲು ಹಚ್ಚಿ ಹಲಗೆಯ ಅಂಚನ್ನು ಉಜ್ಜಿದರು. ಮಹಾಗನಿಯ ಗೆರೆಗಳು ಬೆರಳಿಗೆ ಅಂಟಿಕೊಂಡು ಸಿಪ್ಪೆಯ ಹಾಗೆ ಎದ್ದು ಬಂದವು.

"ಇದು ಮರ ಅಲ್ಲ ಕಣೋ, ಮರದ ಫೋಟೋ. ಪ್ಲೈವುಡ್ ಮೇಲೆ ಕಾಗದ ಅಂಟ್ಸವ್ರೆ. ನೀನು ಇದನ್ನ ಬಾರ್ಸೋ ಬದ್ಲು ಓದ್ಬೋದಿತ್ತು."

ನಾನು ನಕ್ಕೆ. ಅವರು ನಗಲಿಲ್ಲ. ಅವರ ಕಣ್ಣು ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದ್ದ ಒಂದು ವೀಣೆಯ ಮೇಲಿತ್ತು.

ಅದರ ಕತೆಯನ್ನು ದೊಡ್ಡಮ್ಮ ಕಾಫಿ ಕೊಡುವಾಗ ತಗ್ಗಿದ ದನಿಯಲ್ಲಿ ಹೇಳಿದರು. ದೊಡ್ಡಪ್ಪ ಈಗ ಹೊಸ ವೀಣೆ ಮಾಡುವುದು ಕಡಿಮೆ. ಅವರ ಹತ್ತಿರ ಜನ ಬರುವುದು ಮೇಳ ಕಟ್ಟಿಸಲು. ವೀಣೆಯ ದಂಡಿಯ ಮೇಲೆ ಜೇನುಮೇಣಕ್ಕೆ ಮಸಿ ಕಲಸಿ ಹಾಸಿ, ಅದರಲ್ಲಿ ಇಪ್ಪತ್ನಾಲ್ಕು ಲೋಹದ ಮೆಟ್ಟುಗಳನ್ನು ಒಂದೊಂದಾಗಿ ಕೂರಿಸಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಸ್ವರ ಕೆಡುತ್ತದೆ. ಅಳತೆಪಟ್ಟಿ ಇಲ್ಲ, ಎಲ್ಲ ಕಿವಿಯಲ್ಲೇ. ಅದೇ ಬೀದಿಯ ವೀಣೆ ಟೀಚರಮ್ಮ ತಮ್ಮ ವೀಣೆಗೆ ಮೇಳ ಕಟ್ಟಿಸಿಕೊಂಡು ಹೋಗಿ, ಒಂದು ವಾರಕ್ಕೆ ವಾಪಸ್ ತಂದರಂತೆ. ಸರಿಮಾಡಿ ಕೊಟ್ಟರೆ ಮತ್ತೆ ತಂದರಂತೆ. "ಮೇಲಿನ ಸ್ಥಾಯೀಲಿ ಯಾಕೋ ಕೂರ್ತಿಲ್ಲ, ನನ್ನ ಕಿವಿದೇ ತಪ್ಪಿರ್ಬೋದು. ಅರ್ಜೆಂಟಿಲ್ಲ, ಮನೇಲಿ ಇನ್ನೊಂದು ವೀಣೆ ಇದೆ" ಎಂದು ಬಹಳ ಮರ್ಯಾದೆಯಾಗಿ ಹೇಳಿದರಂತೆ. ಬೈದಿದ್ದರೆ ದೊಡ್ಡಪ್ಪ ಎರಡು ಮಾತು ವಾಪಸ್ ಬೈದು ಮರೆತುಬಿಡುತ್ತಿದ್ದರು. ಮರ್ಯಾದೆ ಕೊಟ್ಟರಲ್ಲ, ಅದು ನಾಟಿತು.

"ಕಿವಿ ಹೋಯ್ತು ಅಂತವ್ರೆ ಕಣೋ," ಎಂದರು ದೊಡ್ಡಮ್ಮ. "ಇನ್ನು ಈ ಕಿವಿ ಪೆನ್ಸಿಲ್ ಇಟ್ಕೊಳಕ್ಕೆ ಮಾತ್ರ ಲಾಯಕ್ಕು ಅಂತಾರೆ. ಕೆಲ್ಸ ಬುಟ್ರೆ ಮನುಷ್ಯ ಏನಾಗ್ತಾರೋ."

ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಕಾರ್ಖಾನೆಗೆ ಬಂದು ಮೊಬೈಲು ತೆಗೆದು, "ದೊಡ್ಡಪ್ಪ, ಸ್ವರ ತೋರ್ಸೋ ಆ್ಯಪ್ ಇದೆ, ಕಿವಿನೇ ಬೇಡ" ಎಂದೆ. ಅವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ವಾಪಸ್ ಕೊಟ್ಟರು.

"ಇದು ಸ್ವರ ತೋರ್ಸುತ್ತೆ. ಕೇಳಿಸ್ಕೊಳ್ಳಲ್ವಲ್ಲ."

ಆಮೇಲೆ ಏನೋ ಹೊಳೆದವರಂತೆ ನನ್ನ ಹಪ್ಪಳವನ್ನು ಎತ್ತಿ ಅಳತೆ ನೋಡತೊಡಗಿದರು. ಕಿವಿಯಿಂದ ಪೆನ್ಸಿಲ್ ಇಳಿಯಿತು. ಹಳೆಯ ಕ್ಯಾಲೆಂಡರಿನ ಹಿಂದೆ ಅದರ ಆಕಾರ ಮೂಡಿತು.

"ಇಷ್ಟ್ ಚಿಕ್ದು ಅಂದ್ರೆ ಚೂರು ಮರ ಸಾಕು. ಮೂರು ಮಾಡ್ತೀನಿ. ಮೂರು ಬೇರೆಬೇರೆ ಮರದಲ್ಲಿ. ಕಣ್ಣಿಗೆ ಮೂರೂ ಒಂದೇ ಥರ ಇರ್ಬೇಕು. ನೀನು ಬಾರ್ಸು, ನಾನು ಗೋಡೆ ಕಡೆ ತಿರುಗಿ ಕೂತು ಯಾವ್ದು ಯಾವ ಮರ ಅಂತ ಹೇಳ್ತೀನಿ. ನಲವತ್ತು ವರ್ಷ ಹಲಸು ಕೆತ್ತಿದೀನಿ. ಹಲಸಿನ ದನಿ ಗೊತ್ತಾಗ್ಲಿಲ್ಲ ಅಂದ್ರೆ, ಅಲ್ಲಿಗೆ ಮುಗೀತು, ಉಳಿ ಕೆಳಗಿಟ್ಬುಡ್ತೀನಿ."

ನಾನು ತಮಾಷೆಗೆ "ನನಗೆ ಮೂರು ಎಲೆ ಸಿಗುತ್ತೆ ಅಂದ್ರೆ ಯಾವ ಪರೀಕ್ಷೆಗಾದ್ರೂ ರೆಡಿ" ಎಂದೆ. ಅವರು ತಮಾಷೆ ಮಾಡುತ್ತಿರಲಿಲ್ಲ ಎಂದು ಗೊತ್ತಾಗಲು ನನಗೆ ಕೆಲವು ತಿಂಗಳೇ ಬೇಕಾದವು. ಆ ಕೆಲವು ತಿಂಗಳು ನಾನು ಪ್ರತಿ ಭಾನುವಾರ ದಟ್ಟಗಳ್ಳಿಯ ನಮ್ಮ ಮನೆಯಿಂದ ಬರುತ್ತಿದ್ದೆ, ಸಹಾಯ ಮಾಡುತ್ತೇನೆಂದು. ನನ್ನ ಸಹಾಯವೆಂದರೆ ಮರಕ್ಕಿಂತ ನನ್ನ ಬೆರಳನ್ನೇ ಹೆಚ್ಚು ಉಜ್ಜಿಕೊಳ್ಳುವುದು, ಉಳಿಯನ್ನು ಬಾಯಿ ಮೇಲಾಗಿ ಇಟ್ಟು ಅದರ ಪಕ್ಕದಲ್ಲೇ ಕೂರಲು ಹೋಗುವುದು.

ಹಲಸು ಮನೆಯಲ್ಲೇ ಇತ್ತು, ಹಿಂದೆ ಮಾಡಿದ ವೀಣೆಯ ಬುಡದ ದುಂಡು ಕೊಡ ಕೆತ್ತಿ ಉಳಿದ ತುಂಡು. ತೇಗ ಸಿಕ್ಕಿದ್ದು ಪಕ್ಕದ ಬೀದಿಯಲ್ಲಿ ಕೆಡವುತ್ತಿದ್ದ ಹಳೆ ಮನೆಯ ಹೊಸ್ತಿಲಿನಿಂದ. ಅದನ್ನು ಹೊತ್ತು ತರುವಾಗ ನನಗೆ ಅಳುಕು. "ಹೊಸ್ತಿಲು ತುಳೀಬಾರ್ದು ಅಂತಾರಲ್ಲ ದೊಡ್ಡಪ್ಪ?" ಎಂದೆ. "ತುಳೀಬಾರ್ದು ಅಂದವ್ರೆ, ಬಾರ್ಸಬಾರ್ದು ಅಂತ ಯಾರೂ ಅಂದಿಲ್ಲ" ಎಂದರು.

ಮೂರನೆಯದು ಮಾವು. ಅದಕ್ಕೆ ದೊಡ್ಡಪ್ಪ ಕಳ್ಳತನ ಮಾಡಬೇಕಾಯಿತು. ದೊಡ್ಡಮ್ಮ ಪಾತ್ರೆ ತೊಳೆಯಲು ಕೂರುತ್ತಿದ್ದ, ನಾಲ್ಕು ಬೆರಳು ದಪ್ಪದ ಮಾವಿನ ಮಣೆಯೊಂದಿತ್ತು. ಒಂದು ಬೆಳಿಗ್ಗೆ ಅದು ಮಾಯ. ದೊಡ್ಡಮ್ಮ ಮೊದಲು ಕೆಲಸದವಳನ್ನು ಕೇಳಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಕಾರ್ಖಾನೆಯ ಬಾಗಿಲಲ್ಲಿ ನಿಂತರು. ಮಣೆ ಅಷ್ಟರಲ್ಲಿ ಹೊಟ್ಟೆ ಬಗೆಸಿಕೊಂಡು ಮಲಗಿತ್ತು.

"ಇಪ್ಪತ್ ವರ್ಷದ್ ಮಣೆ ಕಣ್ರೀ ಅದು!"

"ಇನ್ನು ಹಾಡುತ್ತೆ, ಬುಡೇ."

"ನಾನ್ ಎಲ್ ಕೂರ್ಲಿ? ಹಾಡಿನ್ ಮೇಲಾ?"

ಅವರಿಗೆ ನಾನು ಕೆಂಪು ಪ್ಲಾಸ್ಟಿಕ್ ಸ್ಟೂಲೊಂದನ್ನು ತಂದುಕೊಟ್ಟೆ. ಅದರ ಮೇಲೆ ಕೂತಾಗಲೆಲ್ಲ ಅದು ಕಿರ್ರೆನ್ನುತ್ತಿತ್ತು. ದೊಡ್ಡಮ್ಮ ನಮ್ಮಿಬ್ಬರಿಗೂ ಕೇಳಿಸುವಂತೆ, "ಇದೂ ಹಾಡುತ್ತೆ ಕಣಪ್ಪ, ಎತ್ಕೊಂಡೋಗಿ" ಎನ್ನುತ್ತಿದ್ದರು.

ಬೇರೆಯವರು ಹಲಗೆ ಬಗ್ಗಿಸಿ ಅಂಟಿಸಿ ಮಾಡುವ ವಾದ್ಯವನ್ನು ದೊಡ್ಡಪ್ಪ ವೀಣೆಯ ಕೊಡದ ಹಾಗೆ ಒಂದೇ ತುಂಡಿನಿಂದ ಕೆತ್ತಿ, ಮೇಲೆ ಅದೇ ಮರದ ತೆಳು ಹಲಗೆ ಮುಚ್ಚಿದರು. ಮುಚ್ಚುವ ಮೊದಲು ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಬಲಗಿವಿ ಹತ್ತಿರ ತಂದು ಕೇಳುತ್ತಿದ್ದರು. ನನಗೂ ಕೇಳಿಸುತ್ತಿದ್ದರು.

"ಕೇಳ್ಕೋ. ಹಲಸು ನಮ್ಮ ಕಡೆ ನೆಂಟರನ್ನ ಕಳ್ಸಿಕೊಟ್ಟಂಗೆ. ಮಾತು ಮುಗಿದ್ರೂ ಜೊತೇಲೇ ಬರುತ್ತೆ, ಗೇಟು ದಾಟಿ, ಬೀದಿ ತುದಿವರ್ಗೂ. ತೇಗ ಅಂಗಲ್ಲ. ಬಾಗ್ಲಲ್ಲೇ ನಿಂತು 'ಸರಿ, ಬರ್ರಿ' ಅಂತ ಚಿಲಕ ಹಾಕ್ಕೊಳ್ಳುತ್ತೆ."

"ಮಾವು?"

"ಮಾವು 'ಇನ್ನೊಸಿ ಕೂತ್ಕೊಳಿ, ಕಾಫಿ ಕುಡೀರಿ' ಅಂತ ಕೈ ಹಿಡ್ಕೊಳ್ಳುತ್ತೆ. ಹಿಡ್ಕೊಂಡು ತಾನೇ ನಿದ್ದೆ ಮಾಡ್ಬುಡುತ್ತೆ."

ನನಗೆ ಮೂರೂ ಟಕ್ ಟಕ್ ಎಂದೇ ಕೇಳಿಸಿದ್ದವು. ಆದರೂ ಜ್ಞಾನಿಯಂತೆ ತಲೆದೂಗಿದೆ.

ವಿಜಯದಶಮಿಗೆ ಎರಡು ದಿನ ಇರುವಾಗ ಮೂರೂ ಸಿದ್ಧವಾದವು. ಇನ್ನು ತಾವು ಅವನ್ನು ಮುಟ್ಟುವುದಿಲ್ಲ ಎಂದರು ದೊಡ್ಡಪ್ಪ. ಮುಟ್ಟಿದರೆ ತೂಕದಲ್ಲೇ ಗೊತ್ತಾಗುತ್ತದೆ, ಅದು ಕಿವಿಯ ಪರೀಕ್ಷೆಯಾಗುವುದಿಲ್ಲ. ಹಾಗಾಗಿ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಕಂದು ಪಾಲಿಶನ್ನು ಮೂರು ವಾದ್ಯಕ್ಕೆ, ನನ್ನ ಎರಡು ಮೊಣಕೈಗೆ, ಒಂದು ಹುಬ್ಬಿಗೆ ಹಚ್ಚಿದೆ. ಗೋಡೆಯ ಮೂರು ಮೊಳೆಗೆ ಸಾಲಾಗಿ ನೇತುಹಾಕಿದೆ: ಎಡಕ್ಕೆ ಹಲಸು, ನಡುವೆ ತೇಗ, ಬಲಕ್ಕೆ ಮಾವು. ಒಣಗಿದ ಮೇಲೆ ಮೂರೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ತಂತಿ ಕಟ್ಟಿದೆ. ಹೊಸ ತಂತಿ ಹಿಗ್ಗಿ ನಿಲ್ಲಲು ಒಂದು ದಿನ ಬೇಕು. ಮರುದಿನ ಆಯುಧಪೂಜೆ, ಅವತ್ತು ಯಾವ ಉಪಕರಣವನ್ನೂ ಮುಟ್ಟುವಂತಿಲ್ಲ. ಆದ್ದರಿಂದ ಪರೀಕ್ಷೆ ವಿಜಯದಶಮಿಯ ಬೆಳಿಗ್ಗೆ, ಪೂಜೆಗಿಟ್ಟ ಹತಾರಗಳನ್ನು ಮತ್ತೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಎಂದು ಗೊತ್ತಾಯಿತು.

ಮೊಳೆಯಿಂದ ಇಳಿಸುವ ಮುಂಚೆ ಗುರುತು ಹಾಕಬೇಕಲ್ಲ? ಪೆನ್ಸಿಲ್ ಹುಡುಕಿದೆ. ಆ ಕಾರ್ಖಾನೆಯಲ್ಲಿದ್ದದ್ದು ಒಂದೇ ಪೆನ್ಸಿಲ್, ಅದು ದೊಡ್ಡಪ್ಪನ ಕಿವಿಯ ಮೇಲೆ. ಕಿವಿ ದೊಡ್ಡಪ್ಪನ ಜೊತೆ ತರಕಾರಿಗೆ ಹೋಗಿತ್ತು. ಆಗ ಪೂಜೆಗೆ ತಂದಿಟ್ಟ ಕುಂಕುಮದ ಪೊಟ್ಟಣ ಕಣ್ಣಿಗೆ ಬಿತ್ತು. ಆಹಾ, ಎಂಥ ಉಪಾಯ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೆಂಕಿಕಡ್ಡಿಯ ತುದಿ ಒದ್ದೆ ಮಾಡಿ, ಹಲಸಿನ ಹಿಂಭಾಗದಲ್ಲಿ ಕತ್ತು ಸೇರುವ ಕಡೆ ಒಂದು ಬೊಟ್ಟು ಇಟ್ಟೆ. ತೇಗಕ್ಕೆ ಎರಡು. ಮಾವಿಗೆ ಏನೂ ಇಲ್ಲ. ಮೂರಕ್ಕೂ ಗುರುತು ಹಾಕುವುದು ದಡ್ಡರ ಲಕ್ಷಣ, ಎರಡಕ್ಕೆ ಹಾಕಿದರೆ ಮೂರನೆಯದು ತಾನೇ ಗೊತ್ತಾಗುತ್ತದೆ ಎಂಬುದು ನನ್ನ ಲೆಕ್ಕ.

ಆಯುಧಪೂಜೆಯ ದಿನ ಇಡೀ ಮನೆ ಕುಂಕುಮಮಯ. ಉಳಿ, ಬಾಚಿ, ಗರಗಸ, ಮಿಕ್ಸಿ, ಫ್ರಿಜ್ಜು, ಗ್ಯಾಸ್ ಒಲೆ, ನನ್ನ ಸ್ಕೂಟರು, ಎಲ್ಲದಕ್ಕೂ ಪೂಜೆಯಾಯಿತು. ಸ್ಕೂಟರಿನ ಚಕ್ರಕ್ಕೆ ಇಟ್ಟ ನಿಂಬೆಹಣ್ಣಿನ ಮೇಲೆ ಹತ್ತಿಸಬೇಕಾದವನು ಪಕ್ಕದ ಮನೆಯ ರಂಗೋಲಿಯ ಮೇಲೆ ಹತ್ತಿಸಿ ಬೈಸಿಕೊಂಡೆ. ದೊಡ್ಡಪ್ಪ ಟೀಚರಮ್ಮನ ವೀಣೆಗೆ ತಾವೇ ಹೂವಿಟ್ಟು ಕೈಮುಗಿದರು. ಅವರು ಏನು ಬೇಡಿಕೊಂಡರೆಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಸ್ನಾನ ಮಾಡಿ, ಪೆನ್ಸಿಲ್ ಸಿಕ್ಕಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತರು. ಅವರ ಬೆನ್ನು ಶಾಲೆಯಲ್ಲಿ ಮೇಷ್ಟ್ರು ನಿಲ್ಲಿಸಿದ ಹುಡುಗನ ಬೆನ್ನಿನ ಹಾಗಿತ್ತು.

ಮೂರನ್ನೂ ಟವೆಲ್ ಕೆಳಗೆ ಕಲಸಿ, ನೋಡದೆ ಒಂದೊಂದಾಗಿ ಎಳೆದು ಬಾರಿಸಿದೆ. ನನಗೆ ಚೆನ್ನಾಗಿ ಬರುವುದು ಒಂದೇ: ನಾಲ್ಕೂ ತಂತಿಯನ್ನು ಒಮ್ಮೆ ಮೇಲಿಂದ ಕೆಳಗೆ ಎಳೆದು ಬಿಡುವುದು. ಅದನ್ನೇ ಮಾಡಿದೆ. ದೊಡ್ಡಪ್ಪ ಕತ್ತು ಬಲಕ್ಕೆ ವಾಲಿಸಿ, ದನಿ ಪೂರ್ತಿ ಆರುವವರೆಗೆ ಕಾಯುತ್ತಿದ್ದರು.

"ಮೊದ್ಲೇದು ತೇಗ," ಎಂದರು. "ಎರಡ್ನೇದು ಮಾವು." ಮೂರನೆಯದನ್ನು ಎರಡು ಸಲ ಬಾರಿಸಲು ಹೇಳಿದರು. ಆಮೇಲೆ ಮೆಲ್ಲಗೆ, "ಮೂರ್ನೇದು ಹಲಸು. ಬೀದಿ ತುದಿವರ್ಗೂ ಬಂತು."

ಮೊದಲನೆಯದನ್ನು ತಿರುಗಿಸಿ ನೋಡಿದೆ. ಎರಡು ಬೊಟ್ಟು. ತೇಗ! ಎದೆ ಹಗುರವಾಯಿತು. ಎರಡನೆಯದನ್ನು ತಿರುಗಿಸಿದೆ. ಒಂದು ಬೊಟ್ಟು. ಒಂದು ಬೊಟ್ಟೆಂದರೆ ಹಲಸು. ಅಂದರೆ ದೊಡ್ಡಪ್ಪ ಹಲಸನ್ನು ಮಾವು ಎಂದಿದ್ದರು, ಪಾತ್ರೆ ತೊಳೆಯುವ ಮಣೆಯನ್ನು ಹಲಸು ಎಂದಿದ್ದರು. ಮೂರನೆಯದನ್ನು ತಿರುಗಿಸಲೇ ಇಲ್ಲ. ಅದು ತಾನೇ ಗೊತ್ತಾಯಿತಲ್ಲ, ನನ್ನ ಲೆಕ್ಕ ಅಷ್ಟು ಚುರುಕು.

"ಎಲ್ಲಾ ಸರಿ, ದೊಡ್ಡಪ್ಪ!" ಎಂದೆ. ಬಹಳ ಜೋರಾಗಿ ಎಂದೆ.

ಅವರು ತಿರುಗಿದರು. ವಾದ್ಯಗಳನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

"ಹಲಸು ಎಷ್ಟ್ನೇದು?"

"ಎರಡ್... ಮೂರ್ನೇದು. ನೀವೇ ಹೇಳಿದ್ರಲ್ಲ."

"ಬುಡಪ್ಪ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಚಿಕ್ಕೋನಾಗಿದ್ದಾಗ ಸಕ್ಕರೆ ಡಬ್ಬಿಗೆ ಕೈ ಹಾಕಿ 'ನಾನಲ್ಲ' ಅಂತಿದ್ಯಲ್ಲ, ಇದೇ ಮುಖ."

ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಮೇಜಿನ ಮೇಲೆ, ಹೂವಿಟ್ಟ ಉಳಿಗಳ ಪಕ್ಕದಲ್ಲಿ ಮಲಗಿಸಿದರು. ಊರೆಲ್ಲ ಹತಾರ ಎತ್ತಿಕೊಳ್ಳುವ ದಿನ ಅವರು ಕೆಳಗಿಟ್ಟರು. ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಟೀಚರಮ್ಮಂಗೆ ಫೋನ್ ಮಾಡಿ ಹೇಳ್ಬುಡು. ವೀಣೆ ಬೇರೆ ಕಡೆ ಕೊಟ್ಕೊಳ್ಲಿ, ನನ್ ಕೈಲಾಗಲ್ಲ ಅಂತ" ಎಂದರು.

ಪೆನ್ಸಿಲ್ ಇಲ್ಲದ ಅವರ ಕಿವಿಯನ್ನು ನಾನು ಅವತ್ತೇ ಮೊದಲ ಸಲ ಸರಿಯಾಗಿ ನೋಡಿದ್ದು. ಅಷ್ಟು ವರ್ಷ ಪೆನ್ಸಿಲ್ ಕೂತಲ್ಲಿ ಸಣ್ಣ ತಗ್ಗಿತ್ತು.

ಫೋನಿನಲ್ಲಿ ಚಾರ್ಜಿಲ್ಲ ಎಂದು ಸುಳ್ಳು ಹೇಳಿ ಕಾಲ ತಳ್ಳಿದೆ. ಮನೆಗೆ ಓಡಿಹೋಗೋಣವೆಂದರೆ ಮೆರವಣಿಗೆಯ ದಿನ, ಎಲ್ಲ ರಸ್ತೆಗೂ ಅಡ್ಡಕಟ್ಟೆ. ಊಟಕ್ಕೆ ಹೋಳಿಗೆ. ನಾಲ್ಕಕ್ಕೆ ಕಮ್ಮಿ ತಿನ್ನದ ದೊಡ್ಡಪ್ಪ ಒಂದು ತಿಂದು ಎದ್ದರು. ಟೀವಿಯಲ್ಲಿ ಆನೆ ಹೊರಡುವುದನ್ನು ದನಿ ಪೂರ್ತಿ ನಿಲ್ಲಿಸಿ ನೋಡುತ್ತಾ ಕೂತರು. "ದನಿ ಕೊಡ್ಲಾ?" ಎಂದೆ. "ಯಾಕೆ," ಎಂದರು, ಅಷ್ಟೇ.

ತಡೆಯಲಾರದೆ ಒಂದು ಬೊಟ್ಟಿನ ಯುಕುಲೆಲೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ದೊಡ್ಡಮ್ಮ ಕಿರಗುಟ್ಟುವ ಸ್ಟೂಲಿನ ಮೇಲೆ ಕೂತು ಹೋಳಿಗೆ ಹಂಚು ಉಜ್ಜುತ್ತಿದ್ದರು. ಬಾವಿಕಟ್ಟೆಗೆ ಒರಗಿ ತಂತಿ ಎಳೆದೆ. ದನಿ ಮೆತ್ತಗೆ ಎದ್ದು, ಕೈ ಹಿಡಿದು, ಹಾಗೇ ನಿದ್ದೆ ಹೋಯಿತು. ಮತ್ತೆ ಎಳೆದೆ, ಮತ್ತೆ ನಿದ್ದೆ. ಹಲಸು ಹೀಗೆ ಮಲಗಬಾರದಲ್ಲ ಎಂದು ನನಗೇ ಅನ್ನಿಸಿತು. ಆ ಟಕ್ ಟಕ್ ತಿಂಗಳುಗಳಲ್ಲಿ ನನ್ನ ಕಿವಿಗೂ ಏನೋ ಅಂಟಿಕೊಂಡಿತ್ತು ಎಂದು ಕಾಣುತ್ತದೆ. ಆದರೆ ಹಿಂದೆ ಬೊಟ್ಟಿತ್ತಲ್ಲ! ಡಬ್ಬದ ಮೇಲಿನ ಮಹಾಗನಿಯನ್ನು ನಂಬಿದವನು ಬೊಟ್ಟನ್ನು ನಂಬದೆ ಇರುತ್ತೇನೆಯೇ?

"ನನ್ನ ಮಣೆ ಚೆನ್ನಾಗ್ ಹಾಡ್ತದೆ ಕಣೋ," ಎಂದರು ದೊಡ್ಡಮ್ಮ, ಹಂಚಿನಿಂದ ತಲೆ ಎತ್ತದೆ.

"ಇದು ಮಣೆ ಅಲ್ಲ ದೊಡ್ಡಮ್ಮ, ಹಲಸು."

"ಯಾವನೋ ನಿಂಗೆ ಹಲಸು ಅಂದೋನು? ತಿರುಗ್ಸು. ಆ ಕತ್ತಿನ್ ಕೆಳ್ಗಡೆ ಕಡಲೆಕಾಳಿನಷ್ಟು ಗಂಟದೆ ನೋಡು. ಇಪ್ಪತ್ ವರ್ಷ ನಂಗೆ ಒತ್ತಿದ್ದು ಅದೇ. ನನ್ ಮಣೆ ನಂಗೊತ್ತಾಗಲ್ವಾ?"

ತಿರುಗಿಸಿದೆ. ಕಂದು ಬಣ್ಣದ ಕೆಳಗೆ ಕಡಲೆಕಾಳಿನಷ್ಟು ಗಂಟು. ಅದರ ಮೇಲೆಯೇ ಕುಂಕುಮ.

"ಮತ್ತೆ ಈ ಬೊಟ್ಟು?"

"ನಾನೇ ಇಟ್ಟಿದ್ದು. ಪೂಜೆ ದಿನ ನೋಡಿದ್ರೆ ನೀನು ಅವೆರಡಕ್ಕೂ ಕುಂಕುಮ ಇಟ್ಟು ನನ್ ಮಣೇನ ಮಾತ್ರ ಹಂಗೇ ಬುಟ್ಟಿದ್ದೆ. ಮುಂಡೇದಕ್ಕೆ ಭೇದಭಾವ ನೋಡು ಅಂದ್ಕೊಂಡು ನಾನೇ ಒಂದಿಟ್ಟೆ. ಹಬ್ಬದ್ ದಿನ ಬೋಳಾಗಿರ್ಬಾರ್ದು."

ಆಗ ಕಣ್ಣು ಬಿಟ್ಟು ನೋಡಿದೆ. ನನ್ನ ಬೊಟ್ಟು ಬೆಂಕಿಕಡ್ಡಿಯದು, ಸಾಸಿವೆಯಷ್ಟು. ಇದು ಉಂಗುರದ ಬೆರಳಿನದು, ಕೆಳಗೆ ಅರಿಶಿನ, ಮೇಲೆ ಕುಂಕುಮ, ನಾಲ್ಕಾಣೆಯಷ್ಟು ಅಗಲ. ಕುರುಡನೂ ತಡವಿ ಹೇಳಬಹುದಾದ ವ್ಯತ್ಯಾಸ.

ಆ ಹಿತ್ತಿಲಿನಿಂದ ನಡುಮನೆಗೆ ಹನ್ನೆರಡು ಹೆಜ್ಜೆ. ನಾನು ನಾಲ್ಕರಲ್ಲಿ ಹೋದೆ, ಐದನೆಯದು ಹೋಳಿಗೆಯ ಕಣಕದ ಬಟ್ಟಲಿಗೆ ಬಿತ್ತು.

"ದೊಡ್ಡಪ್ಪ! ನೀವು ಹೇಳಿದ್ದೇ ಸರಿ! ಮೂರ್ನೇದೇ ಹಲಸು!"

ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಬೆಳಿಗ್ಗೇನೂ ಇದೇ ಅಂದೆ."

"ಬೆಳಿಗ್ಗೆ ಸುಳ್ಳು ಹೇಳ್ದೆ. ಈಗ ನಿಜ. ಅಂದ್ರೆ ಬೆಳಿಗ್ಗೆ ಸುಳ್ಳು ಅಂದ್ಕೊಂಡು ನಿಜ ಹೇಳ್ಬುಟ್ಟಿದ್ದೆ!"

"ನನ್ನ ಸಮಾಧಾನ ಮಾಡ್ಬೇಡ ಕಣೋ," ಎಂದರು. ಜೀವನವೆಲ್ಲ ತಮಾಷೆ ಮಾಡಿಕೊಂಡು ಬಂದವನಿಗೆ ನಿಜ ಹೇಳುವ ದಿನ ಬಂದಾಗ ಸಾಕ್ಷಿ ಬೇಕಾಗುತ್ತದೆ. ಬೊಟ್ಟಿನ ಕತೆ ಹೇಳಿದೆ, ಗಂಟು ತೋರಿಸಿದೆ. ಗಂಟು ಯಾವ ಮರಕ್ಕಿಲ್ಲ ಎಂದರು.

ಅಷ್ಟರಲ್ಲಿ ದೊಡ್ಡಮ್ಮ ಕೈಯಿಂದ ನೀರು ತೊಟ್ಟಿಕ್ಕಿಸುತ್ತಾ ಬಂದರು. "ಅಲ್ಲ ಕಣ್ರಪ್ಪ, ಅಷ್ಟಗ್ಲ ತೂತದೆಯಲ್ಲ ಅದಕ್ಕೆ. ಒಳ್ಗೆ ಬಣ್ಣ ಹಚ್ಚಿಲ್ಲ ತಾನೆ? ಇಣುಕಿ ನೋಡಿದ್ರಾಗಿತ್ತು."

ಯುಕುಲೆಲೆಯ ನಟ್ಟನಡುವೆ, ದನಿ ಹೊರಡಲೆಂದೇ ಇರುವ ದುಂಡನೆಯ ಬಾಯಿ. ಅದು ಇಷ್ಟು ದಿನವೂ ಅಲ್ಲೇ ಇತ್ತು. ನಾನು ಕುಂಕುಮ ಕಲಸುವಾಗಲೂ ನನ್ನನ್ನೇ ನೋಡುತ್ತಿತ್ತು.

ಮೂರನೆಯದನ್ನು ತಂದು ಮೊಬೈಲಿನ ಟಾರ್ಚು ಬಿಟ್ಟೆ. ಒಳಗೆಲ್ಲ ಅರಿಶಿನ ಬಳಿದ ಹಾಗೆ ಹಳದಿ. ಹಲಸು ಬಿಟ್ಟರೆ ಆ ಹಳದಿ ಅಲ್ಲಿದ್ದ ಇನ್ನಾವ ಮರಕ್ಕೂ ಇರಲಿಲ್ಲ. ದೊಡ್ಡಪ್ಪ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ಇಣುಕಿದರು. ಆಮೇಲೆ ಕೈಯಲ್ಲಿ ತೂಗಿದರು. ಆಮೇಲೆ ಒಂದೇ ತಂತಿಯನ್ನು ಮೀಟಿ, ವಾದ್ಯದ ಬೆನ್ನನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ.

ನಾನು ಟೀವಿ ಆರಿಸಿದೆ.

"ನಿನ್ನಂಥೋನ್ ಕೈಲಿ ಮದ್ವೆ ಕಾರ್ಡ್ ಮಾಡಿಸ್ತಾರಲ್ಲೋ ಜನ," ಎಂದರು ಕೊನೆಗೆ. ಆಮೇಲೆ ನಗತೊಡಗಿದರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಇನ್ನೊಂದು ಹೋಳಿಗೆ ಬಿಸಿ ಮಾಡಲು ಹೋದರು.

ಹೋಳಿಗೆ ತಿಂದಾದ ಮೇಲೆ ದೊಡ್ಡಪ್ಪ ಕಾರ್ಖಾನೆಗೆ ಬಂದು ಟೀಚರಮ್ಮನ ವೀಣೆಯ ಮೇಲಿನ ಬಟ್ಟೆ ತೆಗೆದರು. ಪೆನ್ಸಿಲನ್ನು ಮುಟ್ಟಲಿಲ್ಲ.

"ಮರದ ದನಿ ಕೇಳುತ್ತೆ, ಸರಿ," ಎಂದರು. "ಆದ್ರೆ ಆಯಮ್ಮ ಹೇಳಿದ್ದೂ ಸುಳ್ಳಲ್ಲ ಕಣೋ. ನಂಗೇ ಗೊತ್ತು. ಮೇಲಕ್ಕೆ ಹೋಯ್ತಾ ಹೋಯ್ತಾ ಸ್ವರ ಮಂಜಲ್ಲಿ ನಡೆದಂಗಾಗುತ್ತೆ. ಯಾರೋ ಇದಾರೆ ಅಂತ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ." ತಮ್ಮ ಪಕ್ಕದ ಜಾಗ ತೋರಿಸಿ, "ಕೂತ್ಕೋ ಇಲ್ಲಿ," ಎಂದರು.

"ನಾನಾ? ದೊಡ್ಡಪ್ಪ, ನಾನು ಆ್ಯಪ್ ಅಲ್ಲ."

"ಅದ್ಕೇ ಕೂತ್ಕೋ ಅಂದಿದ್ದು."

ಇದ್ದ ಮೆಟ್ಟುಗಳನ್ನೆಲ್ಲ ಕಿತ್ತು ಮೇಣ ಕಾಯಿಸಿದರು. ಕೆಳಗಿನ ಸ್ಥಾಯಿಯ ಮೆಟ್ಟುಗಳನ್ನು ನನ್ನ ಕಡೆ ನೋಡದೆಯೇ ಕೂರಿಸಿದರು, ಹಣ್ಣು ಹೆಚ್ಚುವಷ್ಟು ಸಲೀಸಾಗಿ. ಮೇಲಿನ ಕೊನೆಯ ಐದಾರು ಮೆಟ್ಟಿಗೆ ಬಂದಾಗ ಕೈ ನಿಧಾನವಾಯಿತು. ಒಂದನ್ನು ಬಿಸಿ ಮೇಣದಲ್ಲಿ ಒತ್ತಿ, ತಂತಿ ಮೀಟಿ, ಕೆಳಗಿನ ಸ್ಥಾಯಿಯ ಅದೇ ಸ್ವರವನ್ನೂ ಮೀಟಿ, ನನ್ನನ್ನು ನೋಡಿದರು.

"ಸರಿ ಇದ್ಯಾ?"

'ಸೂಪರ್ ದೊಡ್ಡಪ್ಪ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವತ್ತು ಅವರನ್ನು ಇನ್ನೊಮ್ಮೆ ಕುಗ್ಗಿಸಲು ನನಗೆ ಮನಸ್ಸಿರಲಿಲ್ಲ. ಆದರೆ ಎರಡು ಸ್ವರ ಜೊತೆಯಾಗಿ ಕೂರದೆ, ಸಣ್ಣಗೆ ತೊನೆಯುತ್ತಿದ್ದುದು ನನ್ನ ಕಿವಿಗೆ ಕೇಳಿಸಿತ್ತು. ಕಿರ್ರೆನ್ನುವ ಸ್ಟೂಲಿನ ಹಾಗೆ.

"ಇಲ್ಲ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಜೋರಾಗ್ ಹೇಳು, ನನ್ ಕಿವಿ ಅರ್ಧ."

"ಸರಿ ಇಲ್ಲ ದೊಡ್ಡಪ್ಪ. ಒಸಿ ಹೆಚ್ಚಾಯ್ತು."

ಅವರ ಮುಖ ಬಾಡುತ್ತದೆಂದುಕೊಂಡಿದ್ದೆ. ಬದಲಿಗೆ ಅವರು, "ಎಷ್ಟು? ಕೂದಲೆಳೆಯಾ, ಅಕ್ಕಿ ಕಾಳಾ?" ಎಂದು ಮುಂದೆ ಬಾಗಿದರು.

"ಕೂದಲೆಳೆ."

ಹೆಬ್ಬೆರಳಿನಿಂದ ಮೆಟ್ಟನ್ನು ಇಷ್ಟೇ ಇಷ್ಟು ಹಿಂದಕ್ಕೆ ಸರಿಸಿದರು. ಮೀಟಿದರು. ಎರಡೂ ಸ್ವರ ಒಂದರೊಳಗೊಂದು ಹೋಗಿ ಕೂತವು. ವೀಣೆಯ ಹಲಸಿನ ಕೊಡ ಆ ದನಿಯನ್ನು ಎತ್ತಿಕೊಂಡು ಕಾರ್ಖಾನೆಯ ಬಾಗಿಲು ದಾಟಿಸಿ, ಹಿತ್ತಿಲು ದಾಟಿಸಿ, ದೊಡ್ಡಮ್ಮ ಹೂ ಕಟ್ಟುತ್ತಾ ಕೂತ ಕಟ್ಟೆಯವರೆಗೆ ಬಿಟ್ಟು ಬಂತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಇಪ್ಪತ್ಮೂರು ಮೆಟ್ಟು ಕೂತಿದ್ದವು. ಕೊನೆಯದಕ್ಕೆ ಗುರುತು ಹಾಕಲು ದೊಡ್ಡಪ್ಪ ಅಭ್ಯಾಸಬಲದಿಂದ ಬಲಗಿವಿಗೆ ಕೈ ಹಾಕಿ, ಅಲ್ಲಿ ಏನೂ ಇಲ್ಲದ್ದು ನೋಡಿ, ಮೇಜಿನತ್ತ ಕೈ ಚಾಚಿದರು. ನಾನು ಪೆನ್ಸಿಲ್ ಎತ್ತಿಕೊಟ್ಟೆ. ಗೀಟು ಎಳೆದು ಅದನ್ನು ಅದರ ತಗ್ಗಿನಲ್ಲಿ ಸಿಕ್ಕಿಸಿಕೊಂಡು, ಮೆಟ್ಟು ಕೂರಿಸಿ, ಮೀಟಿದರು.

"ಸರಿ ಇದ್ಯಾ?"

"ಸರಿ ಇದೆ," ಎಂದೆ.

ಅವರು ಮೆಟ್ಟನ್ನು ನೋಡಲಿಲ್ಲ. ಬೆಳಿಗ್ಗೆ ನೋಡಿದ ಹಾಗೆಯೇ ನನ್ನ ಮುಖವನ್ನು ನೋಡಿದರು, ಹುಬ್ಬಿನ ಮೇಲೆ ಇನ್ನೂ ಹೋಗದ ಪಾಲಿಶಿನ ಸಮೇತ.

"ಹೂಂ," ಎಂದರು. "ಮುಖ ಸರಿ ಇದೆ. ಅಂಗಾದ್ರೆ ಸ್ವರಾನೂ ಸರಿ ಇದೆ. ಈಗ ಫೋನ್ ಮಾಡು ಟೀಚರಮ್ಮಂಗೆ."